ವಾರಾನ್ನವಿಲ್ಲದವರ ಮನೆ

ನನ್ನ ಸೋದರಮಾವ ಓದಿದ್ದು ವಾರಾನ್ನದಲ್ಲಿ. ಸೋಮವಾರ ಶಾನುಭೋಗರ ಮನೆ, ಮಂಗಳವಾರ ವಕೀಲರ ಮನೆ, ಬುಧವಾರ ದೇವಸ್ಥಾನದ ಹಿಂದಿನ ಅಜ್ಜಿ ಮನೆ. ಗುರುವಾರಕ್ಕೆ ಮಾತ್ರ ಯಾವ ಮನೆಯೂ ಗೊತ್ತಾಗಿರಲಿಲ್ಲ. ಆವತ್ತು 'ರಾಯರ ವಾರ, ಉಪವಾಸ' ಅಂತ ಗೆಳೆಯರ ಹತ್ತಿರ ಹೇಳಿ ನೀರು ಕುಡಿದು ಮಲಗುತ್ತಿದ್ದರಂತೆ. ಮಾವ ಈ ಕಥೆ ಶುರು ಮಾಡಿದರೆ ಸಾಕು, ಅಡುಗೆಮನೆಯಿಂದ ಅಮ್ಮನ ದನಿ ಬರುತ್ತಿತ್ತು: "ನೀನು ಹೋದೆಯಪ್ಪ. ನನ್ನ ಯಾರು ಕಳಿಸ್ತಿದ್ರು?" ಅಮ್ಮ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಊರಲ್ಲಿ ಐದನೇ ಕ್ಲಾಸು ಇರಲಿಲ್ಲ, ಅಷ್ಟೆ.

ಗಂಡುಹುಡುಗನಿಗೆ ವಾರಾನ್ನ ಇತ್ತು, ಮಠದ ಪ್ರಸಾದನಿಲಯ ಇತ್ತು, ಏನೂ ಇಲ್ಲದಿದ್ದರೆ ಛತ್ರದ ಜಗಲಿಯಾದರೂ ಇತ್ತು. ಹೆಣ್ಣುಮಗು ಏಳು ದಿನ ಏಳು ಮನೆಯ ಬಾಗಿಲಿಗೆ ಹೋಗುವಂತಿರಲಿಲ್ಲ. ನಮ್ಮಲ್ಲಿ ಸ್ತ್ರೀಶಿಕ್ಷಣದ ಚರಿತ್ರೆ ಬರೆಯುವವರು ಶಾಲೆ ಎಂದು ತೆರೆಯಿತು, ಮೊದಲ ಪದವೀಧರೆ ಯಾರು, ಯಾವ ಮಹಾರಾಜರು ಎಷ್ಟು ಕೊಟ್ಟರು ಎಂದೆಲ್ಲ ಬರೆಯುತ್ತಾರೆ. ಆ ಹುಡುಗಿ ರಾತ್ರಿ ಎಲ್ಲಿ ಮಲಗಿದಳು, ಯಾರ ಮನೆಯಲ್ಲಿ ಉಂಡಳು ಎಂಬುದು ಅಲ್ಲಿ ಬರುವುದು ಕಡಿಮೆ. ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಕೋಲ್ಕತ್ತದ ಒಂದು ಸಣ್ಣ ಪ್ರದೇಶ ಬಹಳ ಕಥೆ ಹೇಳುತ್ತದೆ. ಸಿಯಾಲ್ದಾ ಸ್ಟೇಷನ್ನಿನಿಂದ ಹೊರಬಿದ್ದು, ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆದರೆ ಮೌಲಾಲಿ, ಎಂಟಾಲಿ, ಆಮೇಲೆ ಬೇನಿಯಾಪುಕುರ್. ಟ್ಯಾಕ್ಸಿ ಬೇಡ, ಕಾಲ್ನಡಿಗೆಯ ದಾರಿ. ಹೆಣ್ಣುಮಕ್ಕಳು ಹೆತ್ತವರ ಮನೆ ಬಿಟ್ಟು ಬಂದು ಇದ್ದು ಓದಿದ ಮೂರು ಮನೆಗಳು ಈ ಆಸುಪಾಸಿನಲ್ಲಿ ಬಂದವು, ಒಂದರಿಂದ ಇನ್ನೊಂದಕ್ಕೆ ಕಾಲ ಮಾತ್ರ ಬಹಳ ದೂರ.

ಮೊದಲು ಗಾಡಿಯ ಕಥೆ ಹೇಳಬೇಕು. 1849ರ ಮೇ ತಿಂಗಳಲ್ಲಿ ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನ್ ಕಲ್ಕತ್ತೆಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಎದುರಾದ ತೊಡಕು ಪಾಠದ್ದಲ್ಲ, ದಾರಿಯದು. ಮರ್ಯಾದಸ್ಥರ ಮನೆಯ ಹುಡುಗಿ ಬೀದಿಯಲ್ಲಿ ನಡೆಯುವುದು ಹೇಗೆ? ಅದಕ್ಕೆ ಮುಚ್ಚುಗಾಡಿ ಬಂತು. ಮಗನಂತೆ ಮಗಳನ್ನೂ ಪಾಲಿಸಿ ಓದಿಸಬೇಕೆಂಬ ಅರ್ಥದ ಶ್ಲೋಕವೊಂದನ್ನು ಮಹಾನಿರ್ವಾಣ ತಂತ್ರದಿಂದ ತೆಗೆದು ಅದರ ಮೈಮೇಲೆ ಬರೆಸಿದ್ದರು. ಬೈಯುವವರು ಶಾಸ್ತ್ರ ಓದಿಕೊಂಡೇ ಬೈಯಲಿ ಎಂದಿರಬೇಕು! ಮದನಮೋಹನ ತರ್ಕಾಲಂಕಾರರು ತಮ್ಮಿಬ್ಬರು ಹೆಣ್ಣುಮಕ್ಕಳನ್ನು ಆ ಶಾಲೆಗೆ ಸೇರಿಸಿ ಧೈರ್ಯ ತೋರಿಸಿದರು. ಅರವತ್ತು ವರ್ಷ ಕಳೆದು 1911ರಲ್ಲಿ ಬೇಗಂ ರೊಕೇಯಾ ಅದೇ ಊರಿನಲ್ಲಿ ಎಂಟು ಹುಡುಗಿಯರೊಂದಿಗೆ ಸಖಾವತ್ ಮೆಮೊರಿಯಲ್ ಶಾಲೆ ಆರಂಭಿಸಿದಾಗಲೂ ಗಾಡಿಯದೇ ಗೋಳು. ಗಾಳಿಯಾಡದಂತೆ ಮುಚ್ಚಿದರೆ ಒಳಗಿನ ಮಕ್ಕಳು ಸೆಕೆಗೆ ಮೂರ್ಛೆ ಹೋಗುತ್ತಿದ್ದರು, ವಾಂತಿ ಮಾಡಿಕೊಳ್ಳುತ್ತಿದ್ದರು. ಮುಚ್ಚಳ ತೆಗೆಸಿ ಪರದೆ ಕಟ್ಟಿದರೆ, ಅದು ಗಾಳಿಗೆ ಹಾರಾಡುತ್ತದೆ, ಪರದೆಯ ಮಾನ ಹೋಯಿತು ಎಂದು ಹೆಸರಿಲ್ಲದ ಪತ್ರಗಳು ಬಂದವು. ರೊಕೇಯಾ ಇದನ್ನೆಲ್ಲ ತಮ್ಮ 'ಅವರೋಧವಾಸಿನಿ'ಯಲ್ಲಿ ನಗುನಗುತ್ತಲೇ ಬರೆದಿಟ್ಟಿದ್ದಾರೆ.

ದಿನಾ ಬೆಳಗ್ಗೆ ಹುಡುಗಿಯನ್ನು ಮನೆಯಿಂದ ಶಾಲೆಗೆ ತರುವುದೇ ಇಷ್ಟು ಕಷ್ಟವಾದರೆ ಮನೆಯನ್ನೇ ಶಾಲೆಯೊಳಕ್ಕೆ ತಂದರೆ? ಬ್ರಾಹ್ಮಸಮಾಜದ ತರುಣರಿಗೆ ಈ ಯೋಚನೆ ಬಂದದ್ದು 1870ರ ಆಚೀಚೆ.

ಆ ಕಥೆಗೆ ಒಬ್ಬಳು ಇಂಗ್ಲಿಷ್ ಹೆಣ್ಣುಮಗಳು ಬೇಕಾದಳು. ಬ್ರಾಹ್ಮಸಮಾಜದ ಮುಂದಾಳು ಕೇಶವಚಂದ್ರ ಸೇನರು 1870ರಲ್ಲಿ ಇಂಗ್ಲೆಂಡಿಗೆ ಹೋದಾಗ ಅಲ್ಲಿನ ವಿದ್ಯಾವಂತ ಹೆಂಗಸರನ್ನು ಕುರಿತು, ನಮ್ಮ ಸೋದರಿಯರಿಗೆ ಕಲಿಸಲು ಬನ್ನಿ ಎಂದು ಕರೆದಿದ್ದರು. ಕೇಳಿಸಿಕೊಂಡವರಲ್ಲಿ ಆನೆಟ್ ಅಕ್ರಾಯ್ಡ್ ಒಬ್ಬರು. 1872ರ ಡಿಸೆಂಬರಿನಲ್ಲಿ ಹಡಗಿಳಿದು ಕಲ್ಕತ್ತೆಗೆ ಬಂದೇಬಿಟ್ಟರು. ಬ್ಯಾರಿಸ್ಟರ್ ಮನಮೋಹನ ಘೋಷರ ಮನೆಯಲ್ಲಿ ಇಳಿದುಕೊಂಡರು. ಘೋಷರು ಸಾಮಾನ್ಯರಲ್ಲ. ವಿಲಾಯಿತಿಯಿಂದ ಮರಳಿದ ಮೇಲೆ ತಮ್ಮ ಹೆಂಡತಿಯನ್ನು ಲೊರೆಟೊ ಕಾನ್ವೆಂಟಿನ ಸನ್ಯಾಸಿನಿಯರ ಹತ್ತಿರ ಓದಲು ಬಿಟ್ಟಿದ್ದವರು. ಮದುವೆಯಾದ ಹೆಣ್ಣು ಬೋರ್ಡಿಂಗಿಗೆ! ನಮ್ಮೂರಲ್ಲಿ ಇವತ್ತು ಯಾರಾದರೂ ಹಾಗೆ ಮಾಡಿದರೂ ಅತ್ತೆಮನೆಯವರು ಹಿರಿಯರನ್ನು ಸೇರಿಸಿ ಪಂಚಾಯಿತಿ ಕೂರಿಸುತ್ತಾರೆ.

ಕರೆದವರಿಗೂ ಬಂದವರಿಗೂ ಬಹಳ ದಿನ ಸರಿಬರಲಿಲ್ಲ. ಕೇಶವರಿಗೆ ಹೆಣ್ಣುಮಕ್ಕಳು ರೇಖಾಗಣಿತ ಓದುವುದರಲ್ಲಿ ಅರ್ಥ ಕಾಣುತ್ತಿರಲಿಲ್ಲ, ಒಳ್ಳೆಯ ಗೃಹಿಣಿಯಾಗುವಷ್ಟು ಕಲಿತರೆ ಸಾಕಿತ್ತು. ಅಕ್ರಾಯ್ಡ್‌ಗೋ, ಹೆಣ್ಣುಮಕ್ಕಳ ವಿಮೋಚನೆಯ ಭಾಷಣ ಮಾಡಿದವರ ಸ್ವಂತ ಹೆಂಡತಿ ಒಡವೆ ಹೇರಿಕೊಂಡು, ಓದುಬರಹವಿಲ್ಲದೆ ಒಳಮನೆಯಲ್ಲಿ ಕೂತದ್ದನ್ನು ನೋಡಿ ಸಿಟ್ಟು. ಕೇಶವರ ಬಳಗದಿಂದ ಒಡೆದುಕೊಂಡ ಕಿರಿಯರು ದುರ್ಗಾಮೋಹನ ದಾಸ್, ದ್ವಾರಕಾನಾಥ ಗಂಗೋಪಾಧ್ಯಾಯ, ಶಿವನಾಥ ಶಾಸ್ತ್ರಿ ಮೊದಲಾದವರು ಅಕ್ರಾಯ್ಡ್ ಜೊತೆ ನಿಂತರು. 1873ರಲ್ಲಿ ಬೇನಿಯಾಪುಕುರದ ಬಾಡಿಗೆ ಮನೆಯೊಂದರಲ್ಲಿ ಹಿಂದೂ ಮಹಿಳಾ ವಿದ್ಯಾಲಯ ಶುರುವಾಯಿತು. ಹುಡುಗಿಯರು ಅಲ್ಲೇ ಇರಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಓದಬೇಕು.

ಆ ಮನೆಯ ಜಗಳಗಳನ್ನು ನೋಡಿದರೆ ನನಗೆ ನನ್ನ ಹಾಸ್ಟೆಲು ನೆನಪಾಗುತ್ತದೆ. ಪಾಠಪಟ್ಟಿಯ ಬಗ್ಗೆ ಹೊರಗೆ ಎಷ್ಟೇ ವಾದ ನಡೆಯಲಿ, ಮನೆಯೊಳಗೆ ಬಿಸಿಬಿಸಿ ಚರ್ಚೆಯಾಗಿದ್ದು ಊಟ ಮತ್ತು ಉಡುಪು. ನೆಲದ ಮೇಲೆ ಕೂತು ಕೈಯಲ್ಲಿ ಉಣ್ಣುವುದೋ, ಮೇಜಿನ ಮುಂದೆ ಕೂತು ಚಮಚ ಹಿಡಿಯುವುದೋ? ಬಂಗಾಳದ ಹೆಂಗಸರು ಆಗ ಮನೆಯೊಳಗೆ ಉಡುತ್ತಿದ್ದುದು ಒಂದೇ ತೆಳು ಸೀರೆ. ಅಕ್ರಾಯ್ಡ್‌ಗೆ ಅದನ್ನು ಉಟ್ಟು ಹತ್ತು ಜನರೆದುರು ಕೂರುವುದೆಂದರೆ ಆಗದು. ಗೌನು ಹಾಕಿಸಿದರೆ ಊರಿಗೆ ಆಗದು. ಈ ಸಮಸ್ಯೆಗೆ ನಡುದಾರಿ ಹುಡುಕಿದ್ದು ಠಾಕೂರರ ಮನೆಯ ಸೊಸೆ ಜ್ಞಾನದಾನಂದಿನಿ ದೇವಿ. ಗಂಡ ಸತ್ಯೇಂದ್ರನಾಥರ ಜೊತೆ ಮುಂಬಯಿಯಲ್ಲಿದ್ದಾಗ ಪಾರ್ಸಿ ಹೆಂಗಸರು ಕುಪ್ಪಸದ ಮೇಲೆ ಸೀರೆ ಉಡುವ ಬಗೆ ನೋಡಿ ಕಲಿತು, ಊರಿಗೆ ತಂದಿದ್ದರು. ಇದೇ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರಕ್ಕೆ ಜಿಲ್ಲಾ ನ್ಯಾಯಾಧೀಶರಾಗಿ ಬಂದರು. ತಮ್ಮ ರವೀಂದ್ರ ಅಣ್ಣನ ಮನೆಗೆ ಬಂದು ಕಡಲತೀರದಲ್ಲಿ ನಾಟಕ ಬರೆದದ್ದು ಕಾರವಾರದವರಿಗೆಲ್ಲ ಬಾಯಿಪಾಠ. ರವಿಯ ಹೆಸರು ಬೀಚಿಗೆ ಬಂತು. ಅತ್ತಿಗೆ ತಂದ ಸೀರೆಯ ಉಡಿಗೆ ದೇಶಕ್ಕೇ ಬಂತು, ಅವರ ಹೆಸರು ಮಾತ್ರ ಯಾವ ಬೀಚಿಗೂ ಬರಲಿಲ್ಲ.

ಅಕ್ರಾಯ್ಡ್ 1875ರಲ್ಲಿ ಹೆನ್ರಿ ಬೆವರಿಜ್ ಎಂಬ ಜಿಲ್ಲಾ ಅಧಿಕಾರಿಯನ್ನು ಮದುವೆಯಾಗಿ ಹೊರಟುಹೋದರು. ಶಾಲೆ ಮುಚ್ಚಿತು. (ಆಕೆಯ ಮುಂದಿನ ಬದುಕು ವಿಚಿತ್ರ. 1883ರಲ್ಲಿ, ಭಾರತೀಯ ನ್ಯಾಯಾಧೀಶರೂ ಯುರೋಪಿಯನ್ನರನ್ನು ವಿಚಾರಿಸಬಹುದೆನ್ನುವ ಇಲ್ಬರ್ಟ್ ಮಸೂದೆ ಬಂದಾಗ, ಹೆಂಗಸರನ್ನು ಹೀಗೆ ನಡೆಸಿಕೊಳ್ಳುವ ದೇಶದ ನ್ಯಾಯಾಧೀಶರು ನಮ್ಮನ್ನು ವಿಚಾರಿಸುವುದೇ ಎಂದು ಭಾರತೀಯರ ವಿರುದ್ಧವೇ ಪತ್ರಿಕೆಗೆ ಬರೆದರು. ಆಮೇಲೆ ಗುಲ್ಬದನ್ ಬೇಗಂಳ ಹುಮಾಯೂನ್‌ನಾಮಾವನ್ನೂ ಬಾಬರ್‌ನಾಮಾವನ್ನೂ ಇಂಗ್ಲಿಷಿಗೆ ತಂದು ನಮಗೆ ಉಪಕಾರವನ್ನೂ ಮಾಡಿದರು. ಮಗ ವಿಲಿಯಂ ಬೆವರಿಜ್ ಬ್ರಿಟನ್ನಿನ ಸಮಾಜ ಕಲ್ಯಾಣದ ವರದಿ ಬರೆದವನು.)

ಇಲ್ಲಿಂದ ಕಥೆ ದ್ವಾರಕಾನಾಥರದು. ವಿಕ್ರಂಪುರದ ಕಡೆಯ ಬಡ ಮೇಷ್ಟ್ರು. 'ಅಬಲಾಬಾಂಧವ' ಎಂಬ ಪತ್ರಿಕೆ ನಡೆಸುತ್ತಿದ್ದವರು. ಮುಚ್ಚಿದ ಶಾಲೆಯನ್ನು 1876ರ ಜೂನ್ 1ರಂದು ಬಂಗ ಮಹಿಳಾ ವಿದ್ಯಾಲಯವೆಂಬ ಹೆಸರಿನಲ್ಲಿ ಬಾಲಿಗಂಜಿನಲ್ಲಿ ಮತ್ತೆ ತೆರೆಸಿದರು. ದುರ್ಗಾಮೋಹನರೂ ಆನಂದಮೋಹನ ಬೋಸರೂ ದುಡ್ಡು ಹೊಂದಿಸಿದರು. ಉಳಿದದ್ದೆಲ್ಲ ದ್ವಾರಕಾನಾಥರ ತಲೆಯ ಮೇಲೆ. ಹೆಡ್‌ಮೇಷ್ಟ್ರು ಅವರೇ, ಪಾಠ ಹೇಳುವವರೂ ಅವರೇ, ಊಟದ ಉಸ್ತುವಾರಿ ಅವರದೇ, ಮನೆ ರಿಪೇರಿ ಅವರದೇ, ರಾತ್ರಿ ಕಾವಲೂ ಅವರದೇ. ಹುಡುಗಿಯರಿಗೆ ಓದಿಸಲು ಬಂಗಾಳಿಯಲ್ಲಿ ಗಣಿತ, ಭೂಗೋಳ, ಆರೋಗ್ಯಶಾಸ್ತ್ರದ ಪುಸ್ತಕ ಇಲ್ಲವೆಂದು ತಾವೇ ಕೂತು ಬರೆದರು. ವಾರ್ಡನ್ ಎಂಬ ಪ್ರಾಣಿಯ ಬಗ್ಗೆ ನನಗೆ ಮೊದಲಿನಿಂದ ಅಂಥ ಪ್ರೀತಿಯೇನಿಲ್ಲ. ಈ ಒಬ್ಬ ವಾರ್ಡನ್ನಿಗೆ ಮಾತ್ರ ಎದ್ದುನಿಂತು ನಮಸ್ಕಾರ ಹೇಳಬೇಕು ಅನಿಸುತ್ತದೆ.

ಅಲ್ಲಿದ್ದ ಹುಡುಗಿಯರು ಯಾರು ಯಾರು ನೋಡಿ. ಭಾಗಲ್ಪುರದ ಹೆಡ್‌ಮೇಷ್ಟ್ರ ಮಗಳು ಕಾದಂಬಿನಿ ಬಸು. ದುರ್ಗಾಮೋಹನರ ಮಕ್ಕಳು ಸರಳಾ ಮತ್ತು ಅಬಲಾ. ಎರಡು ವರ್ಷದಲ್ಲಿ, 1878ರ ಆಗಸ್ಟ್ 1ರಂದು, ಈ ಬೋರ್ಡಿಂಗ್ ಶಾಲೆ ಬೆಥೂನ್ ಶಾಲೆಯಲ್ಲಿ ಸೇರಿಹೋಯಿತು. ಅದೇ ವರ್ಷ ಕಲ್ಕತ್ತಾ ವಿಶ್ವವಿದ್ಯಾಲಯ ಹೆಂಗಸರೂ ಪರೀಕ್ಷೆಗೆ ಕೂರಬಹುದೆಂದು ಒಪ್ಪಿತ್ತು. ಕಾದಂಬಿನಿ ವರ್ಷದ ಕೊನೆಗೆ ಎಂಟ್ರೆನ್ಸ್ ಬರೆದಳು. ಒಂದೇ ಅಂಕಕ್ಕೆ ಮೊದಲ ದರ್ಜೆ ತಪ್ಪಿತು. ಮುಂದೆ ಓದಬೇಕೆಂದಳು, ಕಾಲೇಜಿಲ್ಲ. ಆ ಒಬ್ಬ ವಿದ್ಯಾರ್ಥಿನಿಗಾಗಿ, ಒಬ್ಬ ಅಧ್ಯಾಪಕರನ್ನು ನೇಮಿಸಿ, 1879ರಲ್ಲಿ ಬೆಥೂನ್ ಕಾಲೇಜು ತೆರೆದುಕೊಂಡಿತು. 1883ರಲ್ಲಿ ಕಾದಂಬಿನಿಯೂ ಡೆಹ್ರಾಡೂನಿನ ಚಂದ್ರಮುಖಿ ಬಸುವೂ ಬಿ.ಎ. ಪದವಿ ಪಡೆದರು. ಅದೇ ವರ್ಷ ಕಾದಂಬಿನಿ ತನ್ನ ಹಳೇ ಮೇಷ್ಟ್ರು ದ್ವಾರಕಾನಾಥರನ್ನು ಮದುವೆಯಾಗಿ, ಕಲ್ಕತ್ತಾ ಮೆಡಿಕಲ್ ಕಾಲೇಜಿನ ಬಾಗಿಲು ತಟ್ಟಿ ಡಾಕ್ಟರೂ ಆದಳು. ಅಬಲಾಗೆ ಅಷ್ಟು ಹೊತ್ತಿಗೆ ಆ ಬಾಗಿಲು ತೆರೆದಿರಲಿಲ್ಲ, 1882ರಲ್ಲೇ ಮದ್ರಾಸಿಗೆ ವೈದ್ಯಕೀಯ ಓದಲು ಹೋಗಬೇಕಾಯಿತು. ಆರೋಗ್ಯ ಕೆಟ್ಟು ಅದು ಪೂರ್ತಿಯಾಗಲಿಲ್ಲ. ಬಂದು ಮದುವೆಯಾದದ್ದು ಜಗದೀಶಚಂದ್ರ ಬೋಸರನ್ನು. ನಾವು ಆಗ ನಡೆದೆವಲ್ಲ, ಆ ರಸ್ತೆಗೆ ಈಗ ಇರುವ ಹೆಸರು ಅವರದು. ಅಬಲಾ 1919ರಲ್ಲಿ ನಾರೀ ಶಿಕ್ಷಾ ಸಮಿತಿ ಕಟ್ಟಿ ಹಳ್ಳಿಗಳಲ್ಲಿ ಶಾಲೆ ತೆರೆಸಿದರು, ವಿಧವೆಯರು ಇದ್ದು ಕಲಿಯಲು ಮನೆ ಮಾಡಿಸಿದರು. ಅಕ್ಕ ಸರಳಾ 1920ರಲ್ಲಿ ಗೋಖಲೆ ಸ್ಮಾರಕ ಬಾಲಿಕಾ ಶಾಲೆ ತೆರೆದರು. ಎರಡು ವರ್ಷ ನಡೆದ ಬಾಡಿಗೆ ಮನೆಯ ಬೋರ್ಡಿಂಗಿಗೆ ಇಷ್ಟು ಫಲ ಬಂದರೆ ಯಾವ ಲೆಕ್ಕದಲ್ಲೂ ಕಡಿಮೆಯಲ್ಲ.

ಬ್ರಾಹ್ಮರ ಈ ಗಾಳಿ ನಮ್ಮ ಕರಾವಳಿಗೂ ಬೀಸಿತ್ತು. ಮಂಗಳೂರಿನ ಕುದ್ಮುಲ್ ರಂಗರಾಯರು ಬ್ರಾಹ್ಮಸಮಾಜದವರು. 1897ರಲ್ಲಿ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ತೆರೆದರು, ಹಾಸ್ಟೆಲ್ ನಡೆಸಿದರು. ಮಗಳು ರಾಧಾಬಾಯಿಯನ್ನು ಓದಿಸಿದರು. ಆಕೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕೂತರು. ಅದೇ ಮಂಗಳೂರಿನಿಂದ 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯಲ್ಲೂ ಕಥೆ ತಿರುಗುವುದು ಎಲ್ಲಿ? ಎಳೆಯ ವಿಧವೆ ತವರುಮನೆ ಬಿಟ್ಟು ಅಮೃತರಾಯರ ಮನೆಗೆ ಬಂದು ಸೇರಿದ ಮೇಲೆಯೇ ಅವಳ ಓದಿಗೆ ದಾರಿಯಾಗುವುದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯ ನಾಯಕಿಗೂ ಇನ್ನೊಂದು ಸೂರು ಬೇಕಾಯಿತು.

ಬೇನಿಯಾಪುಕುರದಿಂದ ಎಂಟಾಲಿಗೆ ವಾಪಸು ಬರೋಣ. ಲೊರೆಟೊ ಸನ್ಯಾಸಿನಿಯರು ಐರ್ಲೆಂಡಿನಿಂದ ಬಂದು 1842ರ ಜನವರಿಯಲ್ಲಿ ಮಿಡ್ಲ್‌ಟನ್ ರೋನಲ್ಲಿ ಲೊರೆಟೊ ಹೌಸ್ ತೆರೆದರು. ಮೂರು ವರ್ಷಕ್ಕೆ ಎಂಟಾಲಿಯ ಬೋರ್ಡಿಂಗೂ ಆಯಿತು.

ಎಂಟಾಲಿಯ ಆವರಣದೊಳಗೇ ಸೇಂಟ್ ಮೇರಿಸ್ ಎಂಬ ಬಂಗಾಳಿ ಮಾಧ್ಯಮದ ಶಾಲೆ. ಅಲ್ಲಿ 1931ರಿಂದ ಭೂಗೋಳ, ಚರಿತ್ರೆ ಹೇಳಿಕೊಡುತ್ತಿದ್ದ ಅಲ್ಬೇನಿಯನ್ ಮೂಲದ ಸನ್ಯಾಸಿನಿಯೊಬ್ಬರು 1944ರಲ್ಲಿ ಮುಖ್ಯಸ್ಥೆಯಾದರು. ಮದರ್ ತೆರೇಸಾ. ಪಾಠದ ಟೀಚರಾಗಿದ್ದ ಆ ದಿನಗಳನ್ನು ನಾವು ಅವರ ಜೀವನಚರಿತ್ರೆಯ ಮುನ್ನುಡಿಯಂತೆ ಓದಿ ದಾಟಿಬಿಡುತ್ತೇವೆ. 1946ರ ಆಗಸ್ಟ್ 16ರಂದು ಕಲ್ಕತ್ತೆ ಕೋಮುಗಲಭೆಯಲ್ಲಿ ಹೊತ್ತಿ ಉರಿಯಿತು. ಅಂಗಡಿ ಬಾಗಿಲು ಹಾಕಿತು, ಸಾಮಾನು ಬರುವುದು ನಿಂತಿತು. ಬೋರ್ಡಿಂಗಿನಲ್ಲಿ ಮುನ್ನೂರು ಹುಡುಗಿಯರು, ಉಗ್ರಾಣದಲ್ಲಿ ಏನೂ ಇಲ್ಲ. ಮಠದವರು ಒಬ್ಬರೇ ಹೊರಗೆ ಹೋಗುವಂತಿಲ್ಲವೆಂಬ ನಿಯಮವಿದ್ದರೂ ತೆರೇಸಾ ಗೇಟು ದಾಟಿ ಬೀದಿಗೆ ಇಳಿದರು. ಕಂಡದ್ದು ಹೆಣಗಳು. ಲಾರಿಯಲ್ಲಿ ಬಂದ ಸೈನಿಕರು, ಇಲ್ಲೇನು ಮಾಡುತ್ತಿದ್ದೀರಿ ಎಂದು ತಡೆದರು. ನನ್ನ ಮುನ್ನೂರು ಮಕ್ಕಳಿಗೆ ಅನ್ನವಿಲ್ಲ ಎಂದರು. ಸೈನಿಕರು ಅವರನ್ನು ಶಾಲೆಗೆ ತಂದು ಬಿಟ್ಟು ಅಕ್ಕಿಮೂಟೆ ಇಳಿಸಿ ಹೋದರು. ಡಾರ್ಜಿಲಿಂಗ್ ರೈಲಿನಲ್ಲಿ ಅವರಿಗೆ ಮಠ ಬಿಟ್ಟು ಬಡವರ ನಡುವೆ ಹೋಗೆಂಬ ಬೇರೊಂದು ಕರೆ ಕೇಳಿಸಿದ್ದು ಸೆಪ್ಟೆಂಬರ್ 10ರಂದು, ಅಂದರೆ ಒಂದು ತಿಂಗಳೂ ಕಳೆದಿರಲಿಲ್ಲ. ಆ ಕರೆಯ ಬಗ್ಗೆ ಪುಸ್ತಕಗಳೇ ಇವೆ. ನನಗೋ, ಮುನ್ನೂರು ತಟ್ಟೆಗಳ ಲೆಕ್ಕ ಹಾಕುತ್ತ ಗೇಟಿನ ಹೊರಗೆ ಕಾಲಿಟ್ಟ ಆ ಗಳಿಗೆಯೇ ದೊಡ್ಡದಾಗಿ ಕಾಣುತ್ತದೆ. ಹಾಸ್ಟೆಲ್ ನಡೆಸಿದವರಿಗೆ ಅದು ಅರ್ಥವಾದೀತು.

ಎರಡು ವರ್ಷದ ಮೇಲೆ ನೀಲಿ ಅಂಚಿನ ಬಿಳಿ ಸೀರೆಯುಟ್ಟು ಅವರು ಆ ಆವರಣ ಬಿಟ್ಟರು. 1949ರ ಮಾರ್ಚ್ 19ರಂದು ಅವರನ್ನು ಹುಡುಕಿಕೊಂಡು ಮೊದಲು ಬಂದವಳು ಸುಭಾಷಿಣಿ ದಾಸ್, ಅವರದೇ ಹಳೇ ವಿದ್ಯಾರ್ಥಿನಿ. ಹಿಂದೆಯೇ ಬಂದ ಹಲವರು ಅದೇ ಶಾಲೆಯವರು. ಬೋರ್ಡಿಂಗಿನ ನಂಟು ಅಂಥದು.

ನಾನು ಸರ್ಕಾರಿ ಹಾಸ್ಟೆಲಿನಲ್ಲಿದ್ದದ್ದು ಮೂರು ವರ್ಷ. ಊರು, ಹೆಸರು ಬೇಡ. ತಗಡಿನ ಟ್ರಂಕು, ಅದಕ್ಕೊಂದು ಬೀಗ, ಬೀಗದ ಕೈ ಕೊರಳ ದಾರದಲ್ಲಿ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಎರಡನೇ ದಿನಕ್ಕೆ ಇಪ್ಪತ್ತು ಜನರ ಪಾಲಾಗುತ್ತಿತ್ತು. ಸಾರಿನಲ್ಲಿ ಬೇಳೆ ಹುಡುಕುವುದು ಒಂದು ಆಟ, ಸಿಕ್ಕವಳು ಕೂಗಬೇಕು. ಬೆಳಗಿನ ಜಾವ ಬಚ್ಚಲ ಮುಂದೆ ಬಕೆಟ್ಟುಗಳ ಸಾಲು, ಮನುಷ್ಯರ ಬದಲು ಬಕೆಟ್ಟುಗಳೇ ನಿಂತು ಕಾಯುತ್ತಿದ್ದವು. ರಾತ್ರಿ ದೀಪ ಆರಿಸಿದ ಮೇಲೆ ಯಾರೋ ಒಬ್ಬಳು ಮುಸುಕಿನೊಳಗೆ ಅಳುವುದು, ಯಾರೂ ಯಾರೆಂದು ಕೇಳದಿರುವುದು. ಕೋಲ್ಕತ್ತದ ಹಾಸ್ಟೆಲುಗಳಲ್ಲಿ ಬೆಳೆದ ಗೆಳತಿಯರನ್ನು ಕೇಳಿದರೆ ಹೆಸರುಗಳಷ್ಟೇ ಬೇರೆ. ನಮ್ಮ ಆಯಾ ಅವರಿಗೆ 'ಮಾಶಿ', ಚಿಕ್ಕಮ್ಮ. ಹಿರಿಯ ಹುಡುಗಿ 'ದೀದಿ', ಟೀಚರು 'ದಿದಿಮೊಣಿ'. ಮಳೆ ಹಿಡಿದ ದಿನ ಖಿಚುಡಿ. ಹಸಿವಾದ ಸಂಜೆಗೆ ಸಾಸಿವೆ ಎಣ್ಣೆ ಕಲಸಿದ ಮುಡಿ, ನಮ್ಮ ಮಂಡಕ್ಕಿಯೇ. ಪೂಜೆಯ ರಜೆ ಬಂತೆಂದರೆ ಹಾಸ್ಟೆಲು ಖಾಲಿ, ನಮ್ಮ ದಸರಾ ರಜೆಯ ಹಾಗೆ. ಎಲ್ಲರೂ ಹೋದ ಮೇಲೂ ಹೋಗಲು ಮನೆಯಿಲ್ಲದೆ ಉಳಿಯುವ ಒಬ್ಬಿಬ್ಬರು ಎಲ್ಲ ಹಾಸ್ಟೆಲಿನಲ್ಲೂ ಇರುತ್ತಾರೆ. ನಮ್ಮಲ್ಲೂ ಒಬ್ಬಳಿದ್ದಳು.

ಅಂಥವರಿಗಾಗಿಯೇ ಒಂದು ಮನೆ ಸಿಯಾಲ್ದಾದ ಶಾಲೆಯ ತಾರಸಿಯ ಮೇಲೆ ಬಂತು. ಲೊರೆಟೊ ಸಿಯಾಲ್ದಾ 1857ರಷ್ಟು ಹಳೆಯ ಶಾಲೆ. ಐರ್ಲೆಂಡಿನ ಸಿಸ್ಟರ್ ಸಿರಿಲ್ ಮೂನಿ 1956ರಲ್ಲಿ ಭಾರತಕ್ಕೆ ಬಂದವರು, 1979ರಲ್ಲಿ ಇದರ ಪ್ರಾಂಶುಪಾಲೆಯಾದರು. ಸಿಯಾಲ್ದಾ ಅಂದರೆ ಏನೆಂದು ನೋಡಿದವರಿಗೆ ಗೊತ್ತು. ದೇಶ ಒಡೆದಾಗ ಪೂರ್ವಬಂಗಾಳದ ನಿರಾಶ್ರಿತರು ಪ್ಲಾಟ್‌ಫಾರಂಗಳಲ್ಲೇ ತಿಂಗಳುಗಟ್ಟಲೆ ಸಂಸಾರ ಹೂಡಿದ್ದ ಸ್ಟೇಷನ್ನು. ಅದರ ಸುತ್ತ ಫುಟ್‌ಪಾತಿನಲ್ಲಿ ಹುಟ್ಟಿ ಫುಟ್‌ಪಾತಿನಲ್ಲಿ ಬೆಳೆಯುವ ಮಕ್ಕಳು. ಸಿರಿಲ್ ಮೊದಲು ತಮ್ಮ ಶಾಲೆಯ ಲೆಕ್ಕ ಬದಲಿಸಿದರು. ಫೀಸು ಕೊಡಬಲ್ಲವರ ಜೊತೆಗೆ ಕೊಡಲಾರದವರನ್ನೂ ಸೇರಿಸುತ್ತ ಹೋಗಿ, ಸಾವಿರದ ನಾನೂರರಷ್ಟು ಹುಡುಗಿಯರಲ್ಲಿ ಅರ್ಧದಷ್ಟು ಜನ ಬಡವರ ಮನೆಯವರು ಎನ್ನುವಂತೆ ಮಾಡಿದರು. 1985ರಲ್ಲಿ ಬೀದಿಯ ಮಕ್ಕಳಿಗೂ ಗೇಟು ತೆರೆದರು. ಹಾಜರಿಯ ಒತ್ತಾಯವಿಲ್ಲ, ಬಂದಾಗ ಬರಬಹುದು. ಬಂದ ಮಗುವಿಗೆ ಪಾಠ ಹೇಳುವವರು ಶಾಲೆಯ ವಿದ್ಯಾರ್ಥಿನಿಯರೇ. ಐದನೇ ಕ್ಲಾಸಿನಿಂದ ಮೇಲಿನವರು, ಒಬ್ಬಳಿಗೆ ಒಬ್ಬಳು, ಶಾಲೆಯ ವೇಳಾಪಟ್ಟಿಯಲ್ಲೇ ಅದಕ್ಕೊಂದು ಅವಧಿ. ಇಂಥ ಮಕ್ಕಳಿಗೆ 'ರೇನ್‌ಬೋ' ಎಂಬ ಹೆಸರು.

ಆದರೆ ಸಂಜೆ ಗಂಟೆ ಹೊಡೆದ ಮೇಲೆ? ಹಗಲು ಅ ಆ ಕಲಿತ ಹುಡುಗಿ ರಾತ್ರಿ ಮತ್ತೆ ಫುಟ್‌ಪಾತಿಗೆ. ಬೀದಿಯಲ್ಲಿ ಮಲಗುವ ಹೆಣ್ಣುಮಗುವಿಗೆ ರಾತ್ರಿ ಎಂದರೇನೆಂದು ವಿವರಿಸಿ ಬರೆಯಬೇಕಾಗಿಲ್ಲ. ಹೀಗೆ ಶಾಲೆಯ ಮೇಲಂತಸ್ತೇ ಮನೆಯಾಯಿತು. ಹೊಸ ಜಾಗ ಕೊಳ್ಳಲಿಲ್ಲ, ಊರಾಚೆ ಅನಾಥಾಲಯ ಕಟ್ಟಲಿಲ್ಲ. ಎಲ್ಲ ಊರಿನಲ್ಲೂ ಶಾಲೆಗಳು ಸಂಜೆ ನಾಲ್ಕರಿಂದ ಬೆಳಗಿನ ತನಕ ಬೀಗ ಹಾಕಿಕೊಂಡು ಖಾಲಿ ಬಿದ್ದಿರುತ್ತವೆ. ಆ ಖಾಲಿಯಲ್ಲಿ ಚಾಪೆ ಹಾಸಿದರೆ ಸಾಕಲ್ಲ ಎಂಬ ಸರಳ ಲೆಕ್ಕ. ಕೆಳಗೆ ಫೀಸು ಕಟ್ಟಿ ಓದುವ ಮಗಳು, ಮೇಲೆ ಅವಳಿಂದ ಗುಣಾಕಾರ ಕಲಿತವಳ ಹಾಸಿಗೆ. ಬೇನಿಯಾಪುಕುರದಲ್ಲಿ ಮನೆಯನ್ನು ಶಾಲೆ ಮಾಡಿದ್ದರು, ಇಲ್ಲಿ ಶಾಲೆಯನ್ನು ಮನೆ ಮಾಡಿದರು. ಅಲ್ಲಿ ಚಮಚವೋ ಕೈಯೋ ಎಂಬ ಜಗಳವಿತ್ತು. ಇಲ್ಲಿ ತಟ್ಟೆಯೇ ಹೊಸದು.

ಸಿರಿಲ್‌ಗೆ 2007ರಲ್ಲಿ ಪದ್ಮಶ್ರೀ ಬಂತು. 2011ರವರೆಗೆ ಶಾಲೆ ನಡೆಸಿ, 2023ರ ಜೂನಿನಲ್ಲಿ ಕೋಲ್ಕತ್ತದಲ್ಲೇ ತೀರಿಕೊಂಡರು. ಶಾಲೆಯ ಖಾಲಿ ಕೋಣೆಯಲ್ಲಿ ಮನೆ ಮಾಡುವ ಈ ಉಪಾಯ ಕೋಲ್ಕತ್ತದ ಬೇರೆ ಶಾಲೆಗಳಿಗೂ ಹೈದರಾಬಾದಿಗೂ ನಮ್ಮ ಬೆಂಗಳೂರಿಗೂ ಬಂದಿದೆ. ಹಳ್ಳಿಗಳ ಮಟ್ಟಿಗೆ 2004ರಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ನಮ್ಮಲ್ಲಿ ಮೊರಾರ್ಜಿ ಶಾಲೆ, ರಾಣಿ ಚೆನ್ನಮ್ಮ ಶಾಲೆ, ಬಿಸಿಎಂ ಹಾಸ್ಟೆಲು ಇವೆ. ನನ್ನ ಅಮ್ಮನ ಕಾಲಕ್ಕೆ ಇವು ಇದ್ದಿದ್ದರೆ ಎಂದು ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ.

ನಿಮ್ಮ ಊರಲ್ಲೂ ಹೆಣ್ಣುಮಕ್ಕಳ ಹಾಸ್ಟೆಲ್ ಒಂದು ಇದ್ದೇ ಇರುತ್ತದೆ, ಬಹುಶಃ ಬಸ್‌ಸ್ಟ್ಯಾಂಡಿನ ಹಿಂದೆಯೋ ಎಪಿಎಂಸಿ ದಾಟಿಯೋ. ಸ್ವಾತಂತ್ರ್ಯ ದಿನಾಚರಣೆಗೆ ಭಾಷಣ ಮಾಡಲು ಅಲ್ಲಿಗೆ ಬಹಳ ಜನ ಹೋಗುತ್ತಾರೆ. ತಾಯಂದಿರೇ, ನೀವು ನಾಲ್ಕು ಜನ ಸೇರಿ, ವಾರ್ಡನ್ನರ ಅನುಮತಿ ಕೇಳಿ, ರಾತ್ರಿ ಊಟದ ಹೊತ್ತಿಗೆ ಹೋಗಿ. ಪಂಕ್ತಿಯಲ್ಲಿ ಕೂತು ಉಣ್ಣಿ. ಸಾರಿನಲ್ಲಿ ಬೇಳೆ ಇದೆಯೋ ನೋಡಿ, ಬಚ್ಚಲಿನ ಚಿಲಕ ಹಾಕಿಕೊಳ್ಳುತ್ತದೆಯೋ ನೋಡಿ, ದಸರಾ ರಜೆಯಲ್ಲಿ ಯಾರು ಉಳಿಯುತ್ತಾರೆ ಕೇಳಿ. ಒಬ್ಬಳಾದರೂ ಇದ್ದರೆ ಈ ಸಲ ಹಬ್ಬಕ್ಕೆ ಮನೆಗೆ ಕರೆಯಿರಿ.